ಯುಗಾದಿಗೆ ರಜೆ ಇಲ್ಲ, ಸರಿ... ಆದರೆ ಬಾಗಿಲು?

ಯುಗಾದಿ ಹತ್ತಿರ ಬಂತು ಅಂದ್ರೆ ಸಾಕು, ಇಲ್ಲಿ ಸಿಂಗಪುರದಲ್ಲಿರೋ ನಮ್ಮ ಕನ್ನಡಿಗರ ನಡುವೆ ಒಂದು ಮಾತು ತಪ್ಪದೆ ಕೇಳಿಬರುತ್ತೆ. "ನಮ್ಮ ಹಬ್ಬಕ್ಕೆ ರಜೆಯೇ ಇಲ್ವಲ್ರೀ, ಇನ್ನೆಂಥ ಹಬ್ಬ ಮಾಡೋದು?" ಸಂಕ್ರಾಂತಿಗೂ ಇದೇ ಮಾತು, ಗಣೇಶನ ಹಬ್ಬಕ್ಕೂ ಇದೇ ಮಾತು. ಆಮೇಲೆ ಹಬ್ಬವನ್ನು ಶನಿವಾರಕ್ಕೋ ಭಾನುವಾರಕ್ಕೋ ತಳ್ಳೋದು. ಗಣಪತಿಯೂ ಪಾಪ, ವಾರಾಂತ್ಯಕ್ಕೆ ಕಾಯಬೇಕು :)

ಈ ಗೊಣಗಾಟದ ಬಗ್ಗೆ ನನಗೊಂದು ತಕರಾರಿದೆ. ಅದನ್ನೇ ಇವತ್ತು ಬರೆಯೋಣ ಅಂತ ಕೂತೆ.

ಮೊದಲು ಲೆಕ್ಕ ನೋಡೋಣ. ಇಲ್ಲಿ ವರ್ಷಕ್ಕೆ 11 ಸಾರ್ವಜನಿಕ ರಜೆಗಳು. ಹೊಸ ವರ್ಷ, ಕಾರ್ಮಿಕರ ದಿನ, ಆಗಸ್ಟ್ 9ರ ರಾಷ್ಟ್ರೀಯ ದಿನ, ಇವು ಮೂರು ಎಲ್ಲರವು. ಚೀನೀಯರ ಹೊಸ ವರ್ಷಕ್ಕೆ ಎರಡು ದಿನ. ಮುಸ್ಲಿಮರಿಗೆ ಹರಿ ರಾಯ ಪುವಾಸ ಮತ್ತು ಹರಿ ರಾಯ ಹಾಜಿ, ಅಂದ್ರೆ ನಮ್ಮ ರಂಜಾನ್, ಬಕ್ರೀದ್. ಕ್ರೈಸ್ತರಿಗೆ ಗುಡ್ ಫ್ರೈಡೇ, ಕ್ರಿಸ್‌ಮಸ್. ಬೌದ್ಧರಿಗೆ ವೆಸಾಕ್. ಹಿಂದೂಗಳಿಗೆ ದೀಪಾವಳಿ ಒಂದೇ. ಅದೂ ಸಾಮಾನ್ಯವಾಗಿ ನರಕ ಚತುರ್ದಶಿಯ ದಿನ. ಬಲಿಪಾಡ್ಯಮಿಗೆ ಆಫೀಸಿಗೆ ಹೋಗಲೇಬೇಕು.

"ಅನ್ಯಾಯ" ಅನ್ನಿಸುತ್ತಾ? ಸ್ವಲ್ಪ ತಡೀರಿ. 1968ರಲ್ಲಿ, ದೇಶ ಸ್ವತಂತ್ರವಾಗಿ ಇನ್ನೂ ಮೂರು ವರ್ಷ, ಕೆಲಸದ ದಿನಗಳು ಹೆಚ್ಚಬೇಕು ಅಂತ ರಜೆಗಳಿಗೆ ಕತ್ತರಿ ಹಾಕಿದರು. ಮುಸ್ಲಿಮರು ಪ್ರವಾದಿಯವರ ಜನ್ಮದಿನದ ರಜೆ ಬಿಟ್ಟುಕೊಟ್ಟರು. ಕ್ರೈಸ್ತರು ಗುಡ್ ಫ್ರೈಡೇ ಮರುದಿನದ ಶನಿವಾರವನ್ನೂ ಈಸ್ಟರ್ ಸೋಮವಾರವನ್ನೂ ಬಿಟ್ಟರು. ಹಿಂದೂಗಳಿಗೆ ತೈಪೂಸಂ ಮತ್ತು ದೀಪಾವಳಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂತು. ದೀಪಾವಳಿ ಉಳಿಯಿತು.

ಆದರೆ ತೈಪೂಸಂ ನಿಂತುಹೋಯಿತಾ? ಇಲ್ಲವೇ ಇಲ್ಲ! ಇವತ್ತಿಗೂ ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಸ್ಥಾನದಿಂದ ಟ್ಯಾಂಕ್ ರಸ್ತೆಯ ತೆಂಡಾಯುಧಪಾಣಿ ದೇವಸ್ಥಾನದವರೆಗೆ ಜನ ಕಾವಡಿ ಹೊತ್ತು, ಹಾಲಿನ ಕೊಡ ಹೊತ್ತು ಬರಿಗಾಲಲ್ಲಿ ನಡೀತಾರೆ. ರಜೆ ಹಾಕ್ತಾರೆ, ಇಲ್ಲಾಂದ್ರೆ ನಸುಕಿನಲ್ಲೇ ನಡೆದು ಮುಗಿಸಿ ಕೆಲಸಕ್ಕೆ ಹೋಗ್ತಾರೆ. ಐವತ್ತು ವರ್ಷಕ್ಕೂ ಮೀರಿ ರಜೆ ಇಲ್ಲದೆಯೇ ಆ ಹಬ್ಬ ಬದುಕಿದೆ. ಹಾಗಾಗಿ ರಜೆ ಇಲ್ಲದ್ದಕ್ಕೇ ಹಬ್ಬ ಮಾಡೋಕಾಗಲ್ಲ ಅನ್ನೋ ಮಾತು ನನಗೆ ಒಪ್ಪಿಗೆಯಾಗೋದಿಲ್ಲ.

ನನ್ನ ಎರಡನೇ ಪ್ರಶ್ನೆ ಇನ್ನೂ ಮುಖ್ಯವಾದದ್ದು. ನಮಗೆ ಸಿಕ್ಕಿಲ್ಲದ ರಜೆಯ ಬಗ್ಗೆ ಇಷ್ಟು ಮಾತಾಡ್ತೀವಲ್ಲ, ಬೇರೆಯವರ ಹಬ್ಬಕ್ಕೆ ನಮಗೂ ಸಿಗೋ ರಜೆಗಳನ್ನು ಏನು ಮಾಡ್ತಿದ್ದೀವಿ? ಚೀನೀ ಹೊಸ ವರ್ಷ ಬಂದ್ರೆ ನಮ್ಮವರಲ್ಲಿ ಎಷ್ಟೋ ಜನ ಬಾಟಮ್‌ಗೋ ಬಾಲಿಗೋ ಟಿಕೆಟ್ ತೆಗೆದಿರ್ತಾರೆ. ಹರಿ ರಾಯ ಅಂದ್ರೆ ಹತ್ತು ಗಂಟೆವರೆಗೆ ನಿದ್ದೆ. ಪಕ್ಕದ ಮನೆಯಲ್ಲಿ ಬೆಳಗಿನಿಂದ ನೆಂಟರು ಹೊಸ ಬಟ್ಟೆಯಲ್ಲಿ ಬರ್ತಿದ್ದಾರೆ, ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ನಾವು ಮಾತ್ರ ಲಿಫ್ಟಿನಲ್ಲಿ ಒಂದು ನಗೆ ನಕ್ಕು ಮುಂದೆ ಹೋಗ್ತೀವಿ.

ಇಲ್ಲಿನ ಹೆಚ್ಚಿನ ಜನ ಇರೋದು ಸರ್ಕಾರಿ ಎಚ್‌ಡಿಬಿ ಫ್ಲ್ಯಾಟುಗಳಲ್ಲಿ. ಒಂದೇ ಜನಾಂಗದವರು ಒಂದೇ ಕಡೆ ಗುಂಪುಗೂಡಬಾರದು ಅಂತ 1989ರಿಂದ ಪ್ರತಿ ಕಟ್ಟಡಕ್ಕೂ ಇಷ್ಟಿಷ್ಟೇ ಪಾಲು ಅನ್ನೋ ನಿಯಮ ಇದೆ. ಹಾಗಾಗಿ ಒಂದೇ ಮಹಡಿಯಲ್ಲಿ ಚೀನೀ ಮನೆ, ಮಲಯ್ ಮನೆ, ನಮ್ಮ ಮನೆ. ಸರ್ಕಾರ ಬಾಗಿಲ ಪಕ್ಕ ಬಾಗಿಲು ಇಡಬಹುದು. ಆ ಬಾಗಿಲು ತೆರೆಯೋದು ಮಾತ್ರ ಒಳಗಿರೋರ ಕೈಯಲ್ಲೇ ಇದೆ, ಅಲ್ವಾ?

"ಹೋದ್ರೆ ತಿನ್ನೋದೇನು?" ಇದು ನಮ್ಮವರ ದೊಡ್ಡ ಅಡ್ಡಿ. ನಿಜವಾದ ಅಡ್ಡಿಯೇ, ಒಪ್ಪಿದೆ. ಚೀನೀ ಹೊಸ ವರ್ಷಕ್ಕೆ ಬಕ್ವಾ ಅಂತ ಒಣಗಿಸಿದ ಹಂದಿಮಾಂಸ, ಯೂಶೆಂಗ್ ಅಂತ ಹಸಿ ಮೀನಿನ ಸಲಾಡು. ಹರಿ ರಾಯಕ್ಕೆ ರೆಂಡಾಂಗ್ ಅಂತ ಮಾಂಸದ ಗೊಜ್ಜು. ನಾವು ಸಸ್ಯಾಹಾರಿಗಳು. ಆದರೆ ಗಮನಿಸಿ, ಈ ಊರಲ್ಲಿ ಎಲ್ಲರಿಗೂ ಒಂದೊಂದು "ತಿನ್ನಲ್ಲ" ಇದೆ. ಮಲಯ್ ಜನಕ್ಕೆ ಹಲಾಲ್ ನಿಯಮ. ಹಾಕರ್ ಸೆಂಟರುಗಳಲ್ಲಿ ತಟ್ಟೆ ವಾಪಸ್ ಇಡೋಕೂ ಹಲಾಲ್‌ಗೆ ಬೇರೆ ಕಪಾಟು, ಉಳಿದದ್ದಕ್ಕೆ ಬೇರೆ. ಎಷ್ಟೋ ಚೀನೀ ಅಜ್ಜಿಯರು ಚಾಂದ್ರಮಾಸದ ಮೊದಲನೇ ದಿನ ಮತ್ತು ಹದಿನೈದನೇ ದಿನ ಮಾಂಸ ಮುಟ್ಟಲ್ಲ. ಕೆಲವರು ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನಲ್ಲ. ಥೇಟ್ ನಮ್ಮ ಏಕಾದಶಿ! ಹಾಗಾಗಿ ಇಲ್ಲಿ "ಇದು ನಾನು ತಿನ್ನಲ್ಲ" ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಹೋಗದೇ ಇದ್ರೆ ಬೇಜಾರಾಗಬಹುದು.

ಇನ್ನು ತಿನ್ನುವಂಥದ್ದು ಇಲ್ಲವೇ ಇಲ್ಲ ಅಂತಲೂ ಅಲ್ಲ. ತೆಂಗಿನ ಗರಿಯ ಪುಟ್ಟ ಬುಟ್ಟಿಯೊಳಗೆ ಅಕ್ಕಿ ತುಂಬಿ ಬೇಯಿಸೋ ಕೆಟುಪಾಟ್ ನೋಡಿದರೆ ಕರಾವಳಿಯವರಿಗೆ ಕೊಟ್ಟೆ ಕಡುಬು ನೆನಪಾಗದೇ ಇರಲ್ಲ. ಕುಯೆ ದಾದಾರ್ ಅನ್ನೋ ಹಸಿರು ಸುರುಳಿಯೊಳಗೆ ಇರೋದು ತೆಂಗಿನಕಾಯಿ ಮತ್ತು ತಾಳೆಬೆಲ್ಲದ ಹೂರಣ. ದೋಸೆಯಂಥ ಹೊರಪದರಕ್ಕೆ ಮೊಟ್ಟೆ ಹಾಕಿದ್ದಾರಾ ಅಂತ ಮಾತ್ರ ಕೇಳಿಕೊಳ್ಳಿ. ಪುಟು ಮಾಯಂ ಅಂತ ಮಾರ್ತಾರಲ್ಲ, ಅದು ಕಾಯಿತುರಿ, ಸಕ್ಕರೆ ಹಾಕಿದ ನಮ್ಮ ಒತ್ತು ಶಾವಿಗೆಯೇ.

ನಮ್ಮ ಮನೆಯ ಯುಗಾದಿ ದೊಡ್ಡದೇನಲ್ಲ. ಹಿಂದಿನ ರಾತ್ರಿಯೇ ಹೋಳಿಗೆ ಆಗಿರುತ್ತೆ. ತೆಕ್ಕಾ ಮಾರುಕಟ್ಟೆಯಿಂದ ಬೇವು, ಮಾವಿನೆಲೆ. ಬೆಳಿಗ್ಗೆ ಬೆಳಕು ಹರಿಯೋ ಮುಂಚೆ ಎಣ್ಣೆ ಸ್ನಾನ, ದೇವರಿಗೊಂದು ದೀಪ, ಬೇವುಬೆಲ್ಲ, ಆಮೇಲೆ ಮಗಳು ಶಾಲೆಗೆ, ನಾವು ಆಫೀಸಿಗೆ. ಸಂಜೆ ಮೂರು ಡಬ್ಬಿ ಮೂರು ಬಾಗಿಲಿಗೆ. ಮಲಯ್ ಮನೆಯಾಕೆಗೆ "ಮೊಟ್ಟೆ ಇಲ್ಲ, ಜೆಲಟಿನ್ ಇಲ್ಲ, ಮಾಂಸ ಬೇಯಿಸೋ ಪಾತ್ರೆಯೇ ನಮ್ಮಲ್ಲಿಲ್ಲ" ಅಂತ ಹೇಳಿ ಕೊಡ್ತೀನಿ. ಆಕೆ ಡಬ್ಬಿ ಖಾಲಿ ವಾಪಸ್ ಕೊಟ್ಟಿದ್ದೇ ಇಲ್ಲ, ಥೇಟ್ ನಮ್ಮ ಅಮ್ಮಂದಿರ ಹಾಗೇ. ಎದುರು ಮನೆಯ ಚೀನೀ ಅಜ್ಜಿಗೆ ಒಮ್ಮೆ ಬೇವುಬೆಲ್ಲದ ಅರ್ಥ ಹೇಳಿದೆ. ಅಜ್ಜಿ ಬೇವು ಅಗಿದು ಮುಖ ಕಿವುಚಿ, "ನಮ್ಮಲ್ಲೂ ಗಾದೆ ಇದೆ, ಮೊದಲು ಕಹಿ, ಆಮೇಲೆ ಸಿಹಿ" ಅಂದ್ರು. ವರ್ಷಗಟ್ಟಲೆ ಬರೀ ಹಲೋ ಅಂದುಕೊಂಡೇ ಇದ್ದಿದ್ರೆ ಈ ಮಾತು ನನಗೆ ಸಿಗ್ತಿರಲಿಲ್ಲ.

ಊಟ ಹಂಚಿಕೊಂಡ್ರೆ ಎಲ್ಲ ಸರಿಹೋಗುತ್ತಾ ಅಂತ ಕೇಳಬಹುದು. ಇಲ್ಲ, ಹೋಗಲ್ಲ. ಅಡುಗೆ ವಾಸನೆಯ ನೆಪ ಹೇಳಿ ಭಾರತೀಯರಿಗೆ ಮನೆ ಬಾಡಿಗೆಗೆ ಕೊಡದ ಮಾಲೀಕರು ಇಲ್ಲಿದ್ದಾರೆ. 2011ರಲ್ಲಿ ಒಂದು ಸುದ್ದಿ ದೊಡ್ಡ ಗದ್ದಲ ಎಬ್ಬಿಸಿತ್ತು. ಚೀನಾದಿಂದ ಬಂದ ಕುಟುಂಬವೊಂದಕ್ಕೆ ನೆರೆಯ ಭಾರತೀಯ ಮನೆಯ ಸಾರಿನ ವಾಸನೆ ಸಹಿಸೋಕಾಗ್ತಿರಲಿಲ್ಲ. ಸಂಧಾನದಲ್ಲಿ ಒಪ್ಪಿದ್ದು ಏನಂದ್ರೆ, ಅವರು ಮನೆಯಲ್ಲಿಲ್ಲದಾಗ ಮಾತ್ರ ಇವರು ಕರಿ ಮಾಡಬೇಕು, ಅವರೂ ಒಮ್ಮೆ ಇವರ ಕರಿ ರುಚಿ ನೋಡಬೇಕು. ಸುದ್ದಿ ಬಂದದ್ದೇ ತಡ, ಜನ ಸಿಟ್ಟಿಗೆದ್ದು ಆಗಸ್ಟ್ 21ರಂದು ಎಲ್ಲರೂ ಮನೆಯಲ್ಲಿ ಒಂದು ಪಾತ್ರೆ ಕರಿ ಮಾಡಿ ಅಂತ ಕರೆ ಕೊಟ್ಟರು. ಚೀನೀಯರು, ಮಲಯರು ಎಲ್ಲ ಸೇರಿ ಮಾಡಿದರು. ಯೋಚಿಸಿ, ಅಷ್ಟು ಜನ ಆ ಸಾರಿನ ಪರವಾಗಿ ನಿಂತದ್ದು ಅದರ ರುಚಿ ಅವರಿಗೆ ಮೊದಲೇ ಗೊತ್ತಿತ್ತು ಅನ್ನೋ ಕಾರಣಕ್ಕೆ. ಗೊತ್ತಿಲ್ಲದ ಅಡುಗೆ ಬರೀ ವಾಸನೆ. ಗೊತ್ತಾದ ಮೇಲೆ ಅದು ಊಟ.

ಇನ್ನೊಂದು ವಿಷಯ, ಮಕ್ಕಳದ್ದು. ಇಲ್ಲಿ ತಮಿಳು ಅಧಿಕೃತ ಭಾಷೆ. ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಕೂಡ ಮಕ್ಕಳು ಮಾತೃಭಾಷೆಯ ಪಾಠವಾಗಿ ಕಲಿಯಬಹುದು. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ನನ್ನ ಮಗಳು ಒಂದು ಸಲ "ಯುಗಾದಿ ನಿಜವಾದ ಹಬ್ಬಾನಾ? ಶಾಲೆ ಕ್ಯಾಲೆಂಡರಿನಲ್ಲಿ ಇಲ್ವಲ್ಲ" ಅಂತ ಕೇಳಿದ್ದಳು. ಅವಳಿಗೆ ಕನ್ನಡ ಸಿಗೋದು ಮನೆಯಲ್ಲಿ, ಹಬ್ಬದಲ್ಲಿ, ಅಷ್ಟೇ. ಆ ಹಬ್ಬವೂ ನಮ್ಮ ಅನುಕೂಲ ನೋಡಿಕೊಂಡು ಜಾಗ ಬದಲಾಯಿಸ್ತಾ ಹೋದ್ರೆ, ಇದು ಇದ್ದರೂ ಆಯ್ತು ಇಲ್ಲದಿದ್ದರೂ ಆಯ್ತು ಅನ್ನೋದನ್ನ ಮಕ್ಕಳು ಬೇಗ ಕಲೀತಾರೆ. ಸಂಘದವರು ವಾರಾಂತ್ಯದಲ್ಲಿ ಮಾಡೋ ಕಾರ್ಯಕ್ರಮ ಬೇಡ ಅಂತಿಲ್ಲ, ಅದು ಬೇಕೇ ಬೇಕು. ಪಾಳಿ ಕೆಲಸದವರ ಕಷ್ಟವೂ ಬೇರೆ. ಆದರೆ ಸಂಘದ ಹಬ್ಬ ಸಂಘದ್ದು, ಮನೆಯ ಹಬ್ಬ ಮನೆಯದು. ಹತ್ತು ನಿಮಿಷವಾದರೂ ಸರಿ, ಅದು ಅದರ ದಿನವೇ ಆಗಲಿ.

ಅದಕ್ಕೆ ನಾನು ಹೇಳೋದಿಷ್ಟು. ನಮ್ಮ ಹಬ್ಬಕ್ಕೆ ರಜೆ ಕೇಳೋದಕ್ಕಿಂತ ಮೊದಲು, ಅವರ ಹಬ್ಬಕ್ಕೆ ಸಿಕ್ಕ ರಜೆಯಲ್ಲಿ ಒಂದು ಗಂಟೆ ಅವರಿಗೇ ಕೊಡೋಣ. ಚೀನೀ ಹೊಸ ವರ್ಷಕ್ಕೆ ಕಿತ್ತಳೆ ಹಣ್ಣು ಜೋಡಿಯಾಗಿ ಒಯ್ಯಿರಿ, ಒಂಟಿ ಹಣ್ಣು ಬೇಡ. ಹರಿ ರಾಯಕ್ಕೆ ಹಲಾಲ್ ಗುರುತಿರೋ ಸಿಹಿ ಒಯ್ಯಿರಿ. ಚಪ್ಪಲಿ ಹೊರಗೆ ಬಿಡೋದು ಯಾರೂ ನಮಗೆ ಹೇಳಿಕೊಡಬೇಕಿಲ್ಲ.

ಇದು ಸಿಂಗಪುರದ ಮಾತು ಮಾತ್ರ ಅಲ್ಲ ಅನ್ನಿಸುತ್ತೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಈಗ ಒಂದೇ ಮಹಡಿಯಲ್ಲಿ ನಾಲ್ಕು ಭಾಷೆ, ಮೂರು ಧರ್ಮ. ಅಲ್ಲಿ ಕ್ರಿಸ್‌ಮಸ್‌ಗೂ ರಂಜಾನ್‌ಗೂ ರಜೆ ಇದ್ದೇ ಇದೆ. ಹೇಳಿ ನೋಡೋಣ, ಹೋದ ವರ್ಷ ಆ ರಜೆಗಳಲ್ಲಿ ನೀವು ಯಾರ ಮನೆ ಗಂಟೆ ಒತ್ತಿದಿರಿ?