ಮುಖ ನೋಡಿ ಹೇಳುವ ಸ್ನೇಹ



"ಒಟ್ಟಿಗೆ ಪ್ರಾರ್ಥಿಸುವವರೇ ನಿಜವಾದ ಕ್ರೈಸ್ತ ಮಿತ್ರರು" ಎಂಬ ಮಾತನ್ನು ಕಳೆದ ವಾರ ನಮ್ಮ ಬಳಗದ ಮನೆಯೊಂದರಲ್ಲಿ ಕೇಳಿದೆನು. ಎಲ್ಲರೂ ತಲೆದೂಗಿದರು. ನನಗೆ ಸಾಧ್ಯವಾಗಲಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಅದೇ ಮನೆಯಲ್ಲಿ, ಅಲ್ಲಿಲ್ಲದ ಒಬ್ಬರ ಕುಡಿತ, ಸಾಲ, ಸಂಸಾರದ ಜಗಳಗಳನ್ನು 'ಪ್ರಾರ್ಥನಾ ವಿಷಯ'ವೆಂದು ಎಳೆಎಳೆಯಾಗಿ ಬಿಡಿಸಿ ಹೇಳಲಾಗಿತ್ತು. ಅವರ ಮನೆಗೆ ಹೋಗಿ ಮಾತನಾಡಿದವರು ಎಷ್ಟು ಮಂದಿ ಎಂದು ಕೇಳಿದೆನು. ಉತ್ತರ ಬರಲಿಲ್ಲ. ಇದು ಸ್ನೇಹವಲ್ಲ, ಕಣ್ಣು ಮುಚ್ಚಿಕೊಂಡು ಹೇಳಿದ ಚಾಡಿ.

ಸತ್ಯವೇದದ ಸ್ನೇಹ ಬೇರೆ ಬಗೆಯದು. ಸೌಲನು ದಾವೀದನ ಪ್ರಾಣ ತೆಗೆಯಲು ಹುಡುಕುತ್ತಿದ್ದಾಗ, ಆ ಸೌಲನ ಮಗನೇ ಆದ ಯೋನಾತಾನನು ಅಡವಿಗೆ ಹೋಗಿ ಮಿತ್ರನಿಗೆ ಧೈರ್ಯ ತುಂಬಿದನು. ಅಂತಿಯೋಕ್ಯದಲ್ಲಿ ಪೇತ್ರನು ತನ್ನವರಿಗೆ ಹೆದರಿ ಅನ್ಯಜನರ ಪಂಕ್ತಿಯಿಂದ ಹಿಂದೆ ಸರಿದಾಗ ಪೌಲನು ಎಲ್ಲರ ಮುಂದೆಯೇ ಅವನನ್ನು ಆಕ್ಷೇಪಿಸಿದನು.

ನಮ್ಮ ದೇಶದವರೇ ಆದ ವಿ. ಎಸ್. ಅಜರಯ್ಯನವರು 1910ರಲ್ಲಿ ಎಡಿನ್‌ಬರೋ ನಗರದ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ ಇದನ್ನೇ ಮಾಡಿದರು. ಆಗ ಅವರಿಗೆ 35 ವರ್ಷ. ಮಿಷನರಿಗಳ ತ್ಯಾಗವನ್ನು ಮನಸಾರೆ ಸ್ಮರಿಸಿ, ಆದರೂ ಭಾರತೀಯ ಸಹೋದ್ಯೋಗಿಯನ್ನು ಊಟಕ್ಕೆ ಕರೆಯುವವರು ವಿರಳವೆಂದು ಅವರ ಎದುರಿಗೇ ಹೇಳಿ, ಸ್ನೇಹವನ್ನು ಬೇಡಿದರು. ಕೆಲವರಿಗೆ ಸಿಟ್ಟು ಬಂದಿತು. ಎರಡೇ ವರ್ಷಗಳಲ್ಲಿ, 1912ರಲ್ಲಿ, ಅವರು ದೋರ್ನಕಲ್ಲಿನ ಬಿಷಪ್ಪರಾಗಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರೆನಿಸಿದರು. ಒಂದೇ ಪಾತ್ರೆಯಿಂದ ಪ್ರಭುಭೋಜನ ಸ್ವೀಕರಿಸಿ, ಮದುವೆಯ ಮಾತು ಬಂದೊಡನೆ ಪೂರ್ವಿಕರ ಜಾತಿ ಕೇಳುವ ನಮ್ಮವರು ಅಂದಿನ ಬಿಳಿಯರನ್ನು ಹಳಿಯುವ ಮುನ್ನ ಯೋಚಿಸಲಿ.

"ಮುಖಕ್ಕೆ ಹೇಳಿದರೆ ಸ್ನೇಹ ಕೆಡುತ್ತದೆ" ಎನ್ನುವಿರಾ? ನನ್ನ ಅನುಭವ ಕೇಳಿ. ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಒಂದು ಸಂಜೆ, "ಮೇಷ್ಟ್ರೇ, ಬೆಳಿಗ್ಗೆ ಪ್ರಾರ್ಥನೆಗೆ ಮುಗಿಯುವ ಕೈ ಮಧ್ಯಾಹ್ನ ಬೆತ್ತ ಹಿಡಿಯುತ್ತದೆ. ಏಟು ಬೀಳುವುದೂ ಬಡವರ ಮಕ್ಕಳಿಗೇ ಹೆಚ್ಚು. ಗಮನಿಸಿದ್ದೀರಾ?" ಎಂದರು. ಮೂರು ತಿಂಗಳು ನಾನು ಅವರೊಡನೆ ಮಾತು ಬಿಟ್ಟೆನು. ಅವರು ನನ್ನನ್ನು ಬಿಡಲಿಲ್ಲ. ನನ್ನ ಹೆಂಡತಿ ಆಸ್ಪತ್ರೆ ಸೇರಿದಾಗ ದಿನವೂ ಬುತ್ತಿ ಹೊತ್ತು ಬಂದರು. ಆ ಮಾತನ್ನು ಮತ್ತೆ ಎತ್ತಲೂ ಇಲ್ಲ, ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ಹೊಡೆದ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ನೆನೆದೆನು. ಮಿತ್ರರು ಹೇಳಿದ್ದು ನಿಜವಾಗಿತ್ತು. ಆ ಬಳಿಕ ಬೆತ್ತ ಹಿಡಿಯಲಿಲ್ಲ. ಅಂದು ಪೆಟ್ಟು ತಿಂದವರು ಇದನ್ನು ಓದುತ್ತಿದ್ದರೆ, ದಯವಿಟ್ಟು ನನ್ನನ್ನು ಕ್ಷಮಿಸಿ.

ಹೇಳಿ ದೂರವಾಗುವವನು ಟೀಕಾಕಾರ. ಹೇಳದೆ ಹತ್ತಿರವಿರುವವನು ಮುಖಸ್ತುತಿಗಾರ. ಹೇಳಿಯೂ ಜೊತೆಗಿರುವವನನ್ನು ಮಾತ್ರ ನಾನು ದೇವರು ಕೊಟ್ಟ ಮಿತ್ರನೆನ್ನುತ್ತೇನೆ.

ಪ್ರಾರ್ಥನೆ ಬೇಡವೆಂದಲ್ಲ, ಪ್ರಾರ್ಥಿಸಿದ ಮೇಲೆ ಚಪ್ಪಲಿ ಮೆಟ್ಟಿ ಹೊರಡಬೇಕು. ಅಂದು ಆ ಮನೆಯಲ್ಲಿ ಯಾರ ಕುಡಿತದ ಸುದ್ದಿ ಬಂದಿತೋ, ಅವರ ಮನೆಗೆ ಈ ಭಾನುವಾರ ಆರಾಧನೆ ಮುಗಿಸಿ ಹೋಗುವವನಿದ್ದೇನೆ. ಅಂದು ತಲೆದೂಗಿದವರಲ್ಲಿ ಯಾರು ಬರುವಿರಿ?