ಸಂಶಯವು ರೋಗವಾದಾಗ

ನಾವು ಬಲ್ಲ ಕುಟುಂಬವೊಂದರ ಹಿರಿಯರು ಮನೆಯ ನೀರು ಕುಡಿಯುವುದನ್ನೇ ಬಿಟ್ಟರು. ನೆರೆಯವರು ತೊಟ್ಟಿಗೆ ವಿಷ ಬೆರೆಸುತ್ತಿರುವರೆಂಬುದು ಅವರ ದೃಢ ನಂಬಿಕೆ. ಮಗನು ಅದೇ ನೀರನ್ನು ಅವರ ಕಣ್ಣೆದುರಿಗೇ ಕುಡಿದು ತೋರಿಸಿದನು. "ನೀನೂ ಅವರ ಕಡೆಯವನೇ ಆದೆ" ಎಂದರು ತಂದೆ. ಸಂಶಯವನ್ನು ಅಳಿಸಬೇಕಾಗಿದ್ದ ಪುರಾವೆಯೇ ಸಂಶಯಕ್ಕೆ ಹೊಸ ಪುರಾವೆಯಾಯಿತು! ಇದು ಹಟವೇ? ಅಲ್ಲ, ರೋಗ.

ಮುಂದೇನಾಗುವುದೆಂದು ನಮ್ಮ ಮೆದುಳು ಸದಾ ಊಹಿಸುತ್ತಿರುತ್ತದೆ. ಊಹೆ ತಪ್ಪಿದಾಗ ನಂಬಿಕೆಯನ್ನು ತಿದ್ದಿಕೊಳ್ಳುತ್ತದೆ. 'ಇದನ್ನು ಗಮನಿಸು' ಎಂದು ಎಚ್ಚರಿಸುವ ಕೆಲಸದಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು. ಅದು ಹದ ತಪ್ಪಿದರೆ ನೆರೆಯವರ ಕೆಮ್ಮು, ಬಾಗಿಲಿನ ಸದ್ದು ಮುಂತಾದ ಕ್ಷುಲ್ಲಕ ಸಂಗತಿಗಳೂ ತನ್ನನ್ನೇ ಕುರಿತ ಸನ್ನೆಗಳಾಗಿ ತೋರುತ್ತವೆ. ಆ ಸನ್ನೆಗಳಿಗೆ ಅರ್ಥ ಹುಡುಕುತ್ತ ಮನಸ್ಸು ಹೆಣೆಯುವ ಕಥೆಯೇ ಭ್ರಾಂತಿ ಎಂದು ಮನೋವೈದ್ಯ ಶಿತಿಜ್ ಕಪೂರ್ ಅವರು 2003ರಲ್ಲಿ ವಿವರಿಸಿದರು.

1988ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗವೊಂದನ್ನು ನೋಡೋಣ. ಎರಡು ಜಾಡಿಗಳು, ಒಂದರಲ್ಲಿ ಒಂದು ಬಣ್ಣದ 85 ಮಣಿ, ಇನ್ನೊಂದು ಬಣ್ಣದ 15, ಮತ್ತೊಂದರಲ್ಲಿ ಇದಕ್ಕೆ ವಿರುದ್ಧ. ಮರೆಯಲ್ಲಿಟ್ಟ ಜಾಡಿಯಿಂದ ಒಂದೊಂದೇ ಮಣಿ ತೆಗೆದು ತೋರಿಸುತ್ತ, ಅದು ಯಾವ ಜಾಡಿಯೆಂದು ಕೇಳಲಾಯಿತು. ಭ್ರಾಂತಿಯುಳ್ಳವರಲ್ಲಿ ಅನೇಕರು ಒಂದೆರಡು ಮಣಿ ಕಂಡೊಡನೆಯೇ ತೀರ್ಮಾನಿಸಿಬಿಟ್ಟರು. ಉಳಿದವರು ಇನ್ನಷ್ಟು ಮಣಿಗಳಿಗಾಗಿ ಕಾದರು.

ಆದುದರಿಂದ ವಾದದಿಂದ ಭ್ರಾಂತಿ ಕರಗದು. ಹಾಗೆಂದು "ಹೌದು, ವಿಷವಿದೆ" ಎಂದು ತಲೆಯಾಡಿಸುವುದೂ ಸಲ್ಲದು, ಪರಿಹಾಸ್ಯವಂತೂ ಕ್ರೌರ್ಯ. ವಿಷವು ಸುಳ್ಳಾದರೂ ಅವರ ಭಯ ಸುಳ್ಳಲ್ಲವಷ್ಟೆ! ಆ ಮನೆಯ ಸೊಸೆಯು ವಿಷದ ಮಾತನ್ನೇ ಎತ್ತಲಿಲ್ಲ. "ಮಾವನವರೇ, ನಿದ್ದೆಯಿಲ್ಲದೆ ಬಳಲಿದ್ದೀರಿ. ನಿದ್ದೆಗಾದರೂ ವೈದ್ಯರನ್ನು ಕಾಣೋಣ" ಎಂದಳು. ಅವರು ಒಪ್ಪಿದರು.

ಇಳಿವಯಸ್ಸಿನಲ್ಲಿ ಹೊಸದಾಗಿ ಹುಟ್ಟಿದ ಸಂಶಯದ ಹಿಂದೆ ಕಿವುಡು, ಸೋಂಕು ಅಥವಾ ಮರೆವಿನ ರೋಗವೂ ಇರಬಹುದು. ಮೊದಲು ಅದರ ತಪಾಸಣೆಯಾಗಬೇಕು. ಡೋಪಮಿನ್‌ನ ಅಬ್ಬರವನ್ನು ತಗ್ಗಿಸುವ ಔಷಧಿಗಳು 1950ರ ದಶಕದಿಂದಲೂ ಬಳಕೆಯಲ್ಲಿವೆ. ಸನ್ನೆಗಳು ಅಡಗಿದರೂ ಹೆಣೆದ ಕಥೆ ಮಾಸಲು ವಾರಗಳೇ ಹಿಡಿಯುತ್ತವೆ. ನಡುವೆ ಮಾತ್ರೆ ನಿಲ್ಲಿಸಬಾರದು. ಯಾರನ್ನು ಕಾಣಬೇಕೆಂದು ತಿಳಿಯದವರು 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಬಹುದು.

ಜ್ವರ ಬಂದವರನ್ನು ನಾವು ವಾದಿಸಿ ಗುಣಪಡಿಸುವುದಿಲ್ಲ. ಸಂಶಯದ ಜ್ವರಕ್ಕೂ ಅದೇ ನ್ಯಾಯ ಸಲ್ಲಬೇಡವೇ?