ಶಿವನಸಮುದ್ರದ ಬೆಳಕು

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿತು. ಅದು ಮೊದಲು ಹರಿದುದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ. ಜಲಪಾತದ ಭೋರ್ಗರೆತವನ್ನು ಹಗಲಿರುಳೂ ಕೇಳುತ್ತಿದ್ದ ಹಳ್ಳಿಗಳಲ್ಲಿ ಸೀಮೆಎಣ್ಣೆಯ ಬುಡ್ಡಿಯೇ ಬಹುಕಾಲ ಉರಿಯಿತು. ಹೊಸ ವಿದ್ಯೆ ಮೊದಲು ಹಣವಿದ್ದ ಕಡೆಗೆ ಹರಿಯುತ್ತದೆ. ಮಕ್ಕಳ ಕ್ಯಾನ್ಸರಿಗೆ ಇಂದು ರೂಪುಗೊಳ್ಳುತ್ತಿರುವ ಹೊಸ ಚಿಕಿತ್ಸೆಯೊಂದರ ವಿಷಯದಲ್ಲಿಯೂ ಹೀಗೆಯೇ ಆಗಬೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ನಮ್ಮ ರಕ್ತದಲ್ಲಿ ಟಿ-ಕಣಗಳೆಂಬ ಬಿಳಿಯ ಕಣಗಳಿವೆ. ಇವು ದೇಹದ ಕಾವಲುಗಾರರು. ಆದರೆ ಕ್ಯಾನ್ಸರಿನ ಕಣ ಹೊರಗಿನಿಂದ ಬಂದ ಶತ್ರುವಲ್ಲ. ಮನೆಯವನೇ ಕಳ್ಳನಾದಂತೆ, ಕಾವಲುಗಾರನಿಗೆ ಅದರ ಗುರುತು ಸುಲಭವಾಗಿ ಸಿಕ್ಕದು. ಆದುದರಿಂದ ವಿಜ್ಞಾನಿಗಳು ರೋಗಿಯ ಟಿ-ಕಣಗಳನ್ನು ಹೊರತೆಗೆದು, ನಿರಪಾಯಗೊಳಿಸಿದ ವೈರಸ್ಸಿನ ಮೂಲಕ ಅವುಗಳೊಳಗೆ ಹೊಸ ಜೀನೊಂದನ್ನು ಸೇರಿಸುತ್ತಾರೆ. ಆಗ ಕಣದ ಮೈಮೇಲೆ ಶತ್ರುವನ್ನು ಗುರುತಿಸುವ ಕೊಂಡಿಯೊಂದು ಮೂಡುತ್ತದೆ. ಇಂತಹ ಕಣಗಳನ್ನು ಬೆಳೆಸಿ ಮತ್ತೆ ರೋಗಿಯ ರಕ್ತಕ್ಕೆ ಹರಿಸುವುದೇ ಕಾರ್-ಟಿ ಚಿಕಿತ್ಸೆ. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ರಕ್ತದ ಕ್ಯಾನ್ಸರಿನಿಂದ ಸಾವಿನಂಚಿಗೆ ಬಂದಿದ್ದ ಆರು ವರ್ಷದ ಬಾಲಕಿಯೊಬ್ಬಳು ಇದರಿಂದ ಗುಣ ಹೊಂದಿದಳು.

ರಕ್ತದಲ್ಲಿ ತೇಲುವ ಶತ್ರುವನ್ನು ಹಿಡಿಯುವುದು ಒಂದು ಬಗೆ. ಗಡ್ಡೆಯಾಗಿ ನೆಲೆಯೂರಿದ ಶತ್ರುವನ್ನು ಗೆಲ್ಲುವುದು ಬೇರೆಯೇ ಬಗೆ. ಗಡ್ಡೆ ಒಂದು ಕೋಟೆಯಂತೆ. ಟಿ-ಕಣ ಅದರೊಳಗೆ ನುಗ್ಗುವುದೇ ಕಷ್ಟ. ನುಗ್ಗಿದರೂ ಅಲ್ಲಿನ ವಾತಾವರಣ ಅದನ್ನು ಬೇಗ ದಣಿಸಿ ಸುಮ್ಮನಾಗಿಸುತ್ತದೆ. ಗಡ್ಡೆಯ ಮೇಲಿರುವ ಗುರುತು ಆರೋಗ್ಯವಂತ ಅಂಗಗಳಲ್ಲಿಯೂ ಇದ್ದರೆ ಕಾವಲುಗಾರನೇ ಮನೆಗೆ ಬೆಂಕಿಯಿಟ್ಟಂತಾದೀತು. ಎಳೆಯ ಮಕ್ಕಳ ನರಕಣಗಳ ಮೂಲದಿಂದ ಹುಟ್ಟುವ ನ್ಯೂರೋಬ್ಲಾಸ್ಟೋಮ ಇಂತಹ ಗಡ್ಡೆ. ಹೆಚ್ಚಾಗಿ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ತಲೆದೋರುವ ಇದು ಮರುಕಳಿಸಿತೆಂದರೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಉಳಿಯುತ್ತಿರಲಿಲ್ಲ. ರೋಮ್ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಇಂತಹ 27 ರೋಗಿಗಳಿಗೆ, ಜಿಡಿ-2 ಎಂಬ ಗುರುತನ್ನು ಹಿಡಿಯುವ ಟಿ-ಕಣಗಳನ್ನು ಕೊಡಲಾಯಿತು. ಅಪಾಯ ಕಂಡರೆ ಔಷಧವೊಂದರಿಂದ ಆ ಕಣಗಳನ್ನೇ ನಾಶಪಡಿಸುವ ಏರ್ಪಾಡೂ ಅವುಗಳಲ್ಲಿತ್ತು. 2023ರಲ್ಲಿ ಪ್ರಕಟವಾದ ವರದಿಯಂತೆ 17 ಮಂದಿಯಲ್ಲಿ ರೋಗ ತಗ್ಗಿತು; ಅವರಲ್ಲಿ 9 ಮಂದಿಯಲ್ಲಿ ರೋಗದ ಕುರುಹೇ ಕಾಣದಾಯಿತು.

ಭಾರತವೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳು ಕೂಡಿ ರೂಪಿಸಿದ ಚಿಕಿತ್ಸೆಗೆ 2023ರಲ್ಲಿ ಅನುಮತಿ ದೊರೆಯಿತು. 2025ರಲ್ಲಿ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯೂ ತನ್ನದೊಂದನ್ನು ಹೊರತಂದಿತು. ಇವುಗಳ ಬೆಲೆ ಅಮೆರಿಕದ ಬೆಲೆಗಿಂತ ಎಷ್ಟೋ ಕಡಿಮೆ. ಆದರೂ ಅದು ಹತ್ತಾರು ಲಕ್ಷ ರೂಪಾಯಿ. ಎರಡು ಎಕರೆ ಕಬ್ಬಿನ ಗದ್ದೆಯನ್ನು ನಂಬಿದ ಮಳವಳ್ಳಿಯ ರೈತನಿಗೆ ಇದೂ ಕೈಗೆಟುಕದು. ಅಲ್ಲದೆ ಇವೆರಡೂ ರಕ್ತ ಮತ್ತು ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ಮೀಸಲು, ಮಕ್ಕಳ ಗಡ್ಡೆಗಳಿಗಲ್ಲ. ಅಂತಹ ಮಕ್ಕಳ ಸಂಖ್ಯೆ ಚಿಕ್ಕದು. ಕೊಳ್ಳುವವರು ಕಡಿಮೆಯಾದ ಕಡೆ ವ್ಯಾಪಾರ ತಾನಾಗಿ ಹೋಗುವುದಿಲ್ಲ.

ಸಾಮಾನ್ಯ ಶಸ್ತ್ರಚಿಕಿತ್ಸೆ, ಔಷಧಗಳಿಂದ ಗುಣವಾಗಬಲ್ಲ ಮಕ್ಕಳೇ ತಡವಾಗಿ ಆಸ್ಪತ್ರೆ ಸೇರುತ್ತಿರುವಾಗ ಈ ದುಬಾರಿ ಸಂಶೋಧನೆ ಏಕೆಂದು ಕೇಳುವವರುಂಟು. ಈ ಆಕ್ಷೇಪಣೆ ಹುರುಳಿಲ್ಲದ್ದಲ್ಲ. ಮಗುವಿನ ಹೊಟ್ಟೆಯಲ್ಲಿ ಗಂಟು ಕಂಡರೆ ಅದನ್ನು ದೃಷ್ಟಿದೋಷವೆಂದು ಬಗೆದು ದಿನ ಕಳೆಯದಂತೆ ಮಾಡುವುದೇ ಮೊದಲ ಕೆಲಸ. ಆದರೆ ಎಲ್ಲ ಚಿಕಿತ್ಸೆಯನ್ನೂ ಪಡೆದು, ರೋಗ ಮರುಕಳಿಸಿದ ಮಗುವಿನ ತಾಯಿಗೆ ಈ ವಾದ ಯಾವ ಉತ್ತರವನ್ನೂ ಕೊಡುವುದಿಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಗೊಂಡ ಕಿದ್ವಾಯಿ ಸಂಸ್ಥೆಯಂತಹ ಸಾರ್ವಜನಿಕ ಆಸ್ಪತ್ರೆಗಳು ಸರ್ಕಾರದ ಹಣದಿಂದ ಈ ಸಂಶೋಧನೆಯನ್ನು ಕೈಗೊಳ್ಳಬೇಕು. ಅಲ್ಲಿ ಸಿದ್ಧವಾದುದು ಬಡವನ ಮಗುವಿಗೂ ಮೊದಲ ದಿನದಿಂದಲೇ ದೊರೆಯಬೇಕು.

ಫಲಕ್ಕಾಗಿ ಬಹುಕಾಲ ಕಾಯಬೇಕಾದೀತು. ಅಮೆರಿಕದ ಟೆಕ್ಸಾಸ್‌ನಲ್ಲಿ 2004ರಿಂದ 2009ರವರೆಗೆ ನ್ಯೂರೋಬ್ಲಾಸ್ಟೋಮ ಪೀಡಿತರಾದ 19 ಮಕ್ಕಳಿಗೆ ಆರಂಭದ ಬಗೆಯ ಇಂತಹ ಕಣಗಳನ್ನು ಕೊಟ್ಟಿದ್ದರು. ಅವರಲ್ಲಿ 12 ಮಂದಿ ರೋಗ ಮರುಕಳಿಸಿ ತೀರಿಕೊಂಡರು. ಚಿಕಿತ್ಸೆಯ ವೇಳೆಗೆ ಮೈಯಲ್ಲಿ ರೋಗವಿದ್ದ ಬಾಲಕಿಯೊಬ್ಬಳು ಬದುಕಿದಳು. ಬೇರೆ ಚಿಕಿತ್ಸೆಯಿಲ್ಲದೆ 18 ವರ್ಷಗಳ ಅನಂತರವೂ ಅವಳಲ್ಲಿ ರೋಗದ ಸುಳಿವಿರಲಿಲ್ಲವೆಂದು 2025ರ ವರದಿ ತಿಳಿಸಿತು. ಅಷ್ಟರಲ್ಲಿ ಅವಳು ಆರೋಗ್ಯವಂತವಾದ ಎರಡು ಮಕ್ಕಳ ತಾಯಿಯಾಗಿದ್ದಳು.